ಹೊಸ ಪರದೆ, ಹಳೆಯ ಆಟ

ಮೈಕ್ರೋಸಾಫ್ಟ್ ಸಂಸ್ಥೆಯ ಎಕ್ಸ್‌ಬಾಕ್ಸ್ ಒನ್ 2013ರ ನವೆಂಬರಿನಲ್ಲಿ ಮಾರುಕಟ್ಟೆಗೆ ಬಂದಾಗ ಆಟಗಾರರಿಗಿದ್ದ ಒಂದು ಅಸಮಾಧಾನವೆಂದರೆ, ಹಿಂದಿನ ಎಕ್ಸ್‌ಬಾಕ್ಸ್ 360ರ ಆಟಗಳು ಅದರಲ್ಲಿ ನಡೆಯುತ್ತಿರಲಿಲ್ಲ. ಹಣ ತೆತ್ತು ಕೊಂಡ ಡಿಸ್ಕುಗಳು ಕಪಾಟಿನಲ್ಲಿದ್ದವು. ಅವುಗಳಿಗಾಗಿ ಹಳೆಯ ಯಂತ್ರವನ್ನೂ ಉಳಿಸಿಕೊಳ್ಳಬೇಕಿತ್ತು.

ಕಾರಣ ಯಂತ್ರದ ಒಳಗಿತ್ತು. 360ರ ಪ್ರೊಸೆಸರ್ ಪವರ್‌ಪಿಸಿ ವರ್ಗದ್ದು. ಹೊಸದರದು ಸಾಮಾನ್ಯ ಕಂಪ್ಯೂಟರುಗಳಲ್ಲಿರುವ ಎಕ್ಸ್86 ವರ್ಗದ್ದು. ಒಂದಕ್ಕೆ ಬರೆದ ಆದೇಶ ಇನ್ನೊಂದಕ್ಕೆ ತಿಳಿಯದು. ಮೋಡಿ ಲಿಪಿಯ ದಸ್ತಾವೇಜು ಮನೆಯಲ್ಲಿದ್ದೂ ಓದಬಲ್ಲವರಿಲ್ಲದ ಪಾಡನ್ನು ಸೊಲ್ಲಾಪುರದ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ, ಇದೂ ಅಂಥದೇ. ಪರಿಹಾರವಾಗಿ ಬಂದದ್ದು ಎಮ್ಯುಲೇಟರ್, ಅಂದರೆ ಹಳೆಯ ಯಂತ್ರದ ವರ್ತನೆಯನ್ನು ಹೊಸದರೊಳಗೆ ಅನುಕರಿಸುವ ತಂತ್ರಾಂಶ. ಡಿಸ್ಕು ಹಾಕಿದರೆ ಆಟ ಅದರಿಂದಲೇ ನಡೆಯುವುದಿಲ್ಲ. ಹೊಸದಾಗಿ ಕಟ್ಟಿದ ಪ್ರತಿ ಅಂತರ್ಜಾಲದಿಂದ ಇಳಿದುಬರುತ್ತದೆ. ಡಿಸ್ಕು ಒಡೆತನದ ಸಾಕ್ಷಿ ಮಾತ್ರ.

2015ರ ಜೂನಿನಲ್ಲಿ ಲಾಸ್ ಏಂಜಲೀಸಿನ ಇ3 ಮೇಳದ ಸಂದರ್ಭದಲ್ಲಿ ಫಿಲ್ ಸ್ಪೆನ್ಸರ್ ಇದನ್ನು ಘೋಷಿಸಿದಾಗ ಸಭೆ ಹರ್ಷೋದ್ಗಾರ ಮಾಡಿತು. ನವೆಂಬರ್ 12ರಂದು 104 ಆಟಗಳೊಡನೆ ಸೌಲಭ್ಯ ದೊರೆಯಿತು. ಅದೇ ನವೀಕರಣದಲ್ಲಿ ಪರದೆಯ ವಿನ್ಯಾಸವೂ ಬದಲಾಯಿತು. ಅಭಿಪ್ರಾಯ ಒಡೆದದ್ದು ಇಲ್ಲಿ. ವೇಗ ಹೆಚ್ಚಿತೆಂದು ಮೆಚ್ಚಿದವರಿದ್ದರು. ಕಿನೆಕ್ಟ್‌ನ ಮುಂದೆ ಕೈಸನ್ನೆ ಮಾಡಿ ಪರದೆ ನಡೆಸುವ ಅನುಕೂಲ ಹೋಯಿತೆಂದು ಕೊರಗಿದವರೂ ಇದ್ದರು. ರೂಢಿಯ ಜಾಗದಲ್ಲಿ ಬೇಕಾದದ್ದು ಕಾಣದಿದ್ದರೆ ಬೆರಳು ತಡವರಿಸುತ್ತದೆ. ಈ ದೂರು ಕ್ಷುಲ್ಲಕವಲ್ಲ. ಆದರೂ ಹೊಸ ವಿನ್ಯಾಸಕ್ಕೆ ಬೆರಳು ಕೆಲ ವಾರಗಳಲ್ಲಿ ಒಗ್ಗುತ್ತದೆ. ನಡೆಯದ ಆಟದ ಸಂಗತಿ ಬೇರೆ.

2021ರ ನವೆಂಬರಿನಲ್ಲಿ ಸಂಸ್ಥೆ 70ಕ್ಕೂ ಹೆಚ್ಚು ಹಳೆಯ ಆಟಗಳನ್ನು ಕೊನೆಯ ಕಂತಾಗಿ ಸೇರಿಸಿ, ಪರವಾನಗಿ, ಕಾನೂನು ಮತ್ತು ತಾಂತ್ರಿಕ ತೊಡಕುಗಳಿಂದಾಗಿ ಪಟ್ಟಿ ಇನ್ನು ಬೆಳೆಯದೆಂದು ತಿಳಿಸಿತು.