ನೌಕರಿ ಬಿಡದೆ ಎಂಬಿಎ ಪರೀಕ್ಷೆ: ಚಿಗಟೇರಿಯಿಂದ ಎರಡು ದಾರಿ

ಚಿಗಟೇರಿ ಎಂದರೆ ದಾವಣಗೆರೆಯವರಿಗೆ ನೆನಪಾಗುವುದು ಆ ಹೆಸರಿನ ಜಿಲ್ಲಾಸ್ಪತ್ರೆ, ಹರಪನಹಳ್ಳಿ ಸೀಮೆಯವರಿಗೆ ನಾರದಮುನಿಯ ಗುಡಿ. ಹರಪನಹಳ್ಳಿ ತಾಲ್ಲೂಕಿನ ಈ ಹೋಬಳಿಯ ಮೆಕ್ಕೆಜೋಳದ ಹೊಲಗಳ ಮನೆಗಳಿಂದ ಬಿ.ಕಾಂ., ಬಿ.ಎಸ್ಸಿ. ಮುಗಿಸಿ ಹೊರಟವರು ಈಗ ಬ್ಯಾಂಕಿನ ಕೌಂಟರಿನಲ್ಲಿದ್ದಾರೆ, ಫೈನಾನ್ಸ್ ಕಂಪನಿಯ ಕಂತು ವಸೂಲಿಗೆ ಬೈಕ್ ಓಡಿಸುತ್ತಿದ್ದಾರೆ, ಅತಿಥಿ ಶಿಕ್ಷಕರಾಗಿದ್ದಾರೆ, ಬೆಂಗಳೂರಿನ ಕಾಲ್ ಸೆಂಟರುಗಳಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದಾರೆ. ಎಂಬಿಎ ಮಾಡಬೇಕೆಂಬ ಆಸೆ ಇವರಲ್ಲಿ ಹಲವರಿಗಿದೆ. ‘ಬರುತ್ತಿರುವ ಸಂಬಳ ಬಿಟ್ಟು ಮತ್ತೆ ಓದ್ತೀಯಾ?’ ಎಂದು ಮನೆಯಲ್ಲಿ ಕೇಳಿದ ಕೂಡಲೇ ಆ ಆಸೆ ಅಲ್ಲಿಗೇ ನಿಲ್ಲುತ್ತದೆ. ಪ್ರವೇಶ ಪರೀಕ್ಷೆಯ ತಯಾರಿಗಂತೂ ಸಂಬಳ ಬಿಡಬೇಕಾಗಿಲ್ಲ. ಯಾವ ಪರೀಕ್ಷೆ, ಅದರ ಒಳಗೇನಿದೆ ಎಂಬುದು ಮೊದಲು ಗೊತ್ತಾಗಬೇಕು ಅಷ್ಟೆ.

ಎಲ್ಲರೂ ಹೆಸರು ಕೇಳಿರುವುದು ಕ್ಯಾಟ್. ಭಾರತೀಯ ಆಡಳಿತ ನಿರ್ವಹಣಾ ಸಂಸ್ಥೆಗಳು, ಅಂದರೆ ಐಐಎಂಗಳು, ನಡೆಸುವ ಪರೀಕ್ಷೆ ಇದು. ಮೊದಲ ಐಐಎಂಗಳು 1961ರಲ್ಲಿ ಕೋಲ್ಕತ್ತ ಮತ್ತು ಅಹಮದಾಬಾದಿನಲ್ಲಿ ಹುಟ್ಟಿದವು. ಬೆಂಗಳೂರಿನದು 1973ರದು. ಯಾವುದೇ ಪದವಿಯಲ್ಲಿ ಶೇ 50 ಅಂಕ ಇದ್ದರೆ ಕ್ಯಾಟ್ ಬರೆಯಬಹುದು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಅಂಗವಿಕಲ ಅಭ್ಯರ್ಥಿಗಳಿಗೆ ಶೇ 45 ಸಾಕು, ಶುಲ್ಕವೂ ಅರ್ಧ. 2009ರಿಂದ ಪರೀಕ್ಷೆ ಕಂಪ್ಯೂಟರಿನಲ್ಲಿ ನಡೆಯುತ್ತಿದೆ. 2020ರಿಂದ ಅವಧಿ ಎರಡು ಗಂಟೆ: ಇಂಗ್ಲಿಷ್ ಓದು, ಅಂಕಿಅಂಶ ಮತ್ತು ತರ್ಕ, ಗಣಿತ, ಒಂದೊಂದಕ್ಕೆ 40 ನಿಮಿಷ. ಒಂದು ವಿಭಾಗದಲ್ಲಿ ಉಳಿಸಿದ ಸಮಯವನ್ನು ಇನ್ನೊಂದರಲ್ಲಿ ಬಳಸುವಂತಿಲ್ಲ.

ಗಣಿತ ಎಂದ ಕೂಡಲೇ ಕಲಾ ವಿಭಾಗದವರು ಹಿಂದೆ ಸರಿಯುತ್ತಾರೆ. ಸರಿಯಬಾರದು. ಹೆಚ್ಚಿನ ಪ್ರಶ್ನೆಗಳ ಬೇರು ಇರುವುದು ಎಸ್ಸೆಸ್ಸೆಲ್ಸಿ ಲೆಕ್ಕದಲ್ಲಿ: ಶೇಕಡಾವಾರು, ಲಾಭ-ನಷ್ಟ, ಅನುಪಾತ, ಕಾಲ ಮತ್ತು ಕೆಲಸ. ಒಂದು ಮಾದರಿ ನೋಡಿ. ವರ್ತಕನೊಬ್ಬ ಸರಕಿನ ಮೇಲೆ ಶೇ 40 ಏರಿಸಿ ಬೆಲೆ ಬರೆಯುತ್ತಾನೆ, ಗಿರಾಕಿಗೆ ಶೇ 25 ರಿಯಾಯಿತಿ ಕೊಡುತ್ತಾನೆ. ಅವನಿಗೆ ಸಿಕ್ಕ ಲಾಭವೆಷ್ಟು? 40ರಲ್ಲಿ 25 ಕಳೆದು 15 ಎಂದು ಉತ್ತರಿಸುವವರೇ ಹೆಚ್ಚು. ಅಸಲನ್ನು 100 ಎಂದಿಟ್ಟುಕೊಳ್ಳಿ. ಬರೆದ ಬೆಲೆ 140, ಅದರ ಕಾಲು ಭಾಗ 35, ಕೈಗೆ ಬಂದದ್ದು 105. ಲಾಭ ಶೇ 5. ಪೆನ್ನು ಹಿಡಿಯದೆ ಇಷ್ಟನ್ನು ಮಾಡುವುದು ಎಪಿಎಂಸಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಹುಡುಗನಿಗೆ ಆಗಲೇ ಬರುತ್ತದೆ. ಪರೀಕ್ಷೆಯ ಪ್ರಶ್ನೆಗಳು ಇದಕ್ಕಿಂತ ಒಂದೆರಡು ಸುತ್ತು ಹೆಚ್ಚು ತಿರುಗಿರುತ್ತವೆ, ಬೀಜಗಣಿತ, ರೇಖಾಗಣಿತವೂ ಸೇರುತ್ತವೆ. ಆದರೂ ದುಡಿಯುತ್ತಾ ಓದುವವರ ಕೈಗೆ ನಿಲುಕದ ವಿದ್ಯೆಯಲ್ಲ.

ಅಂಕದ ಲೆಕ್ಕವನ್ನೂ ತಿಳಿದಿರಬೇಕು. ಸರಿಯುತ್ತರಕ್ಕೆ 3, ಆಯ್ಕೆ ಪ್ರಶ್ನೆಯಲ್ಲಿ ತಪ್ಪಿದರೆ ಒಂದು ಅಂಕ ಖೋತಾ. ನಾಲ್ಕು ಆಯ್ಕೆಗಳಲ್ಲಿ ಕಣ್ಣು ಮುಚ್ಚಿ ಒಂದನ್ನು ಒತ್ತುತ್ತಾ ಹೋದರೆ ಸರಾಸರಿ ಲಾಭ ಸೊನ್ನೆ. ಒಂದು ಆಯ್ಕೆ ಖಂಡಿತ ತಪ್ಪು ಎಂದು ಗೊತ್ತಾದರೆ ಊಹೆ ಲಾಭದ ಕಡೆ ವಾಲುತ್ತದೆ. ಉತ್ತರವನ್ನು ನಾವೇ ಟೈಪ್ ಮಾಡಬೇಕಾದ ಪ್ರಶ್ನೆಗಳಿಗೆ ಖೋತಾ ಇಲ್ಲ, ಅವನ್ನು ಖಾಲಿ ಬಿಡಬಾರದು.

ನಮ್ಮ ಕಡೆಯವರು ಸೋಲುವುದು ಲೆಕ್ಕದಲ್ಲಿ ಅಲ್ಲ, ಓದಿನಲ್ಲಿ. ಇಂಗ್ಲಿಷ್ ವಿಭಾಗದ ಬಹುಪಾಲು ಪ್ರಶ್ನೆಗಳು ಉದ್ದನೆಯ ಗದ್ಯಭಾಗಗಳ ಮೇಲೆ ಬರುತ್ತವೆ. ಗದ್ಯ ಇತಿಹಾಸದ್ದಿರಬಹುದು, ಪರಿಸರದ್ದಿರಬಹುದು, ತತ್ವಶಾಸ್ತ್ರದ್ದೂ ಇರಬಹುದು. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಪದಗಳಷ್ಟೇ ಅಲ್ಲ, ಅಷ್ಟುದ್ದದ ವಾದವನ್ನು ಒಂದೇ ಉಸಿರಿಗೆ ಹಿಡಿದಿಡುವುದೂ ಹೊಸದು. ಇದಕ್ಕೆ ನನಗೆ ಕಂಡ ದಾರಿ ಒಂದೇ. ‘ಪ್ರಜಾವಾಣಿ’ಯ ಸಂಪಾದಕೀಯವನ್ನು ಮೊದಲು ಓದಿ, ಅದೇ ವಿಷಯದ ಬಗ್ಗೆ ‘ಡೆಕ್ಕನ್ ಹೆರಾಲ್ಡ್’ ಏನು ಬರೆದಿದೆ ನೋಡಿ. ವಿಷಯ ಆಗಲೇ ತಲೆಯಲ್ಲಿರುವುದರಿಂದ ಇಂಗ್ಲಿಷಿನ ಭಯ ಅರ್ಧ ಇಳಿಯುತ್ತದೆ. ಓದಿ ಮುಗಿಸಿ, ಬರೆದವರ ವಾದವೇನು ಎಂದು ಎರಡು ಸಾಲು ಕನ್ನಡದಲ್ಲೇ ಬರೆದಿಡಿ. ಈ ರೂಢಿ ಆಗುವ ಮೊದಲೇ ಸಾವಿರಾರು ರೂಪಾಯಿ ಕೊಟ್ಟು ಕೋಚಿಂಗ್ ಪ್ಯಾಕೇಜ್ ಕೊಳ್ಳುವುದು ದುಡ್ಡು ಕಳೆದುಕೊಳ್ಳುವ ಕೆಲಸ ಎಂಬುದು ನನ್ನ ಖಚಿತ ಅಭಿಪ್ರಾಯ.

ಹೊತ್ತಿನ ಹೊಂದಾಣಿಕೆಗೆ ಕೆಲಸದ ಸ್ವರೂಪ ನೋಡಬೇಕು. ಬೆಳಗಿನ ಎರಡು ಗಂಟೆ ಲೆಕ್ಕಕ್ಕೆ, ಹರಪನಹಳ್ಳಿಗೋ ದಾವಣಗೆರೆಗೋ ಹೋಗಿಬರುವ ಬಸ್ಸಿನಲ್ಲಿ ಓದು, ಭಾನುವಾರ ಒಂದು ಮಾದರಿ ಪರೀಕ್ಷೆ. ಬಹುತೇಕರಿಗೆ ಇಷ್ಟು ಸಾಧ್ಯ. ರಾತ್ರಿ ಪಾಳಿಯವರು ನಿದ್ದೆ ಕದ್ದು ಓದಬಾರದು, ಅವರಿಗೆ ವಾರದ ರಜೆಯ ದಿನವೇ ಆಧಾರ. ಕ್ಯಾಟ್ ಸಾಮಾನ್ಯವಾಗಿ ನವೆಂಬರಿನ ಕೊನೆಯ ಭಾನುವಾರ ಇರುತ್ತದೆ, ಅರ್ಜಿ ಆಗಸ್ಟ್–ಸೆಪ್ಟೆಂಬರಿನಲ್ಲಿ. ಕೊನೆಯ ಎರಡು ತಿಂಗಳಲ್ಲಿ ದಸರಾ, ದೀಪಾವಳಿ, ಮೆಕ್ಕೆಜೋಳದ ಕಟಾವು ಎಲ್ಲ ಒಟ್ಟಿಗೆ ಬರುತ್ತವೆ. ಹೊಲದ ಮನೆಯವರು ತಯಾರಿಯನ್ನು ಯುಗಾದಿಗೇ ಶುರು ಮಾಡಿದರೆ ಕ್ಷೇಮ. ಕೆಲಸದ ಅನುಭವ ಇಲ್ಲಿ ವ್ಯರ್ಥವಲ್ಲ: ಬೆಂಗಳೂರು ಐಐಎಂ ಸೇರಿ ಹಲವು ಸಂಸ್ಥೆಗಳು ಆಯ್ಕೆಯಲ್ಲಿ ಅದಕ್ಕೂ ಅಂಕ ಕೊಡುತ್ತವೆ. ನೌಕರಿಯಲ್ಲಿದ್ದುಕೊಂಡೇ ವಾರಾಂತ್ಯದಲ್ಲಿ ಓದುವ ಕೋರ್ಸ್ ಕೂಡ ಬೆಂಗಳೂರಿನಲ್ಲಿದೆ. ಆದರೆ ಹಳೆಯ ಐಐಎಂಗಳ ಎರಡು ವರ್ಷದ ಶುಲ್ಕ 20 ಲಕ್ಷ ರೂಪಾಯಿ ದಾಟುತ್ತದೆ. ಬ್ಯಾಂಕ್ ಸಾಲ ಸಿಗುತ್ತದೆ ನಿಜ, ತೀರಿಸುವ ಕಂತನ್ನೂ ಮೊದಲೇ ಲೆಕ್ಕ ಹಾಕಬೇಕು.

ಎರಡನೆಯ ದಾರಿ, ನಮ್ಮ ಹೋಬಳಿಗೆ ಹೆಚ್ಚು ಹತ್ತಿರದ್ದು, ಪಿಜಿಸಿಇಟಿ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಈ ಪರೀಕ್ಷೆಯಲ್ಲಿ ಎಂಬಿಎಗೆ 100 ಪ್ರಶ್ನೆ, ಎರಡು ಗಂಟೆ, ತಪ್ಪಿಗೆ ಖೋತಾ ಇಲ್ಲ. ರಾಜ್ಯದ ವಿಶ್ವವಿದ್ಯಾಲಯಗಳ, ಕಾಲೇಜುಗಳ ಸರ್ಕಾರಿ ಸೀಟುಗಳು ಇದರ ರ‍್ಯಾಂಕ್ ಮೇಲೆ ಹಂಚಿಕೆಯಾಗುತ್ತವೆ, ಶುಲ್ಕ ಐಐಎಂನ ಒಂದು ಸಣ್ಣ ಪಾಲು. ಕ್ಯಾಟ್‌ಗೆ ಓದಿದವರಿಗೆ ಇದಕ್ಕೆ ಸಾಮಾನ್ಯ ಜ್ಞಾನ ಬಿಟ್ಟರೆ ಬೇರೆ ತಯಾರಿ ಅಷ್ಟಾಗಿ ಬೇಕಿಲ್ಲ.

ಈ ಸೀಟು ಹಂಚಿಕೆಯಲ್ಲಿಯೇ ಸಂವಿಧಾನದ 371-ಜೆ ವಿಧಿ ಬರುತ್ತದೆ. ಹರಪನಹಳ್ಳಿ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಯಿತು. ಮುಂದೆ ಹೈದರಾಬಾದ್ ಕರ್ನಾಟಕಕ್ಕೆ (ಈಗಿನ ಕಲ್ಯಾಣ ಕರ್ನಾಟಕ) ಈ ವಿಧಿಯಡಿ ವಿಶೇಷ ಸ್ಥಾನ ಸಿಕ್ಕಾಗ ಈ ತಾಲ್ಲೂಕು ಹೊರಗುಳಿಯಿತು. ಜನ ವರ್ಷಗಟ್ಟಲೆ ಹೋರಾಡಿದ ಮೇಲೆ 2018ರಲ್ಲಿ ಬಳ್ಳಾರಿಗೆ ಮರಳಿ ಆ ಸವಲತ್ತು ಪಡೆಯಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. 371-ಜೆಯಿಂದ ಇಲ್ಲಿನವರಿಗೆ ಕಲ್ಯಾಣ ಕರ್ನಾಟಕದ ಒಳಗಿನ ಸಂಸ್ಥೆಗಳ ಸೀಟುಗಳಲ್ಲಿ ಶೇ 70, ಹೊರಗಿನ ಸಂಸ್ಥೆಗಳಲ್ಲಿ ಶೇ 8 ಮೀಸಲು. ಬಳ್ಳಾರಿಯ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಒಳಗಿನದು. ಹತ್ತಿರದ ದಾವಣಗೆರೆ ವಿಶ್ವವಿದ್ಯಾಲಯ ಹೊರಗಿನ ಲೆಕ್ಕಕ್ಕೆ ಸೇರುತ್ತದೆ. ಆಯ್ಕೆ ಪಟ್ಟಿ ತುಂಬುವಾಗ ಇದು ನೆನಪಿರಲಿ.

ಇಷ್ಟು ಹೋರಾಡಿ ಪಡೆದದ್ದು ಒಂದು ಕಾಗದ ಇಲ್ಲದೆ ಕೈ ತಪ್ಪಬಾರದು. ಹರಪನಹಳ್ಳಿ ಉಪವಿಭಾಗಾಧಿಕಾರಿ ಕಚೇರಿಯಿಂದ 371-ಜೆ ಅರ್ಹತಾ ಪ್ರಮಾಣಪತ್ರ, ನಾಡಕಚೇರಿಯಿಂದ ಜಾತಿ-ಆದಾಯ ಪತ್ರವನ್ನು ಅರ್ಜಿ ಕರೆಯುವ ಮೊದಲೇ ಮಾಡಿಸಿಕೊಳ್ಳಿ. ಕ್ಯಾಟ್‌ಗೆ ರಾಜ್ಯದ 2-ಎ, 3-ಬಿ ಪತ್ರ ನಡೆಯುವುದಿಲ್ಲ, ಕೇಂದ್ರದ ಒಬಿಸಿ ಪಟ್ಟಿಯಲ್ಲಿ ನಿಮ್ಮ ಜಾತಿ ಇದೆಯೇ ನೋಡಿ, ಅದೇ ನಮೂನೆಯಲ್ಲಿ ಪತ್ರ ಪಡೆಯಬೇಕು.

ಪಂಚಾಯಿತಿಯವರಲ್ಲೂ ಒಂದು ಕೋರಿಕೆಯಿದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳೆಲ್ಲ ಈಗ ಅರಿವು ಕೇಂದ್ರಗಳಾಗಿವೆ. ದುಡಿದು ಊರಿಗೆ ಮರಳುವವರು ಬಸ್ಸಿಳಿಯುವುದು ಸಂಜೆ ಏಳರ ಮೇಲೆ. ರಾತ್ರಿ ಒಂಬತ್ತೂವರೆಯವರೆಗೆ ಆ ಕೇಂದ್ರಗಳ ಬಾಗಿಲು ತೆರೆದಿರಲಿ, ಒಂದು ಇಂಗ್ಲಿಷ್ ಪತ್ರಿಕೆಯನ್ನೂ ತರಿಸಿ.