ಸೀರೆಗೂ ಬೇಕು ಸ್ವಲ್ಪ ಹಬೆ!

ಪರವೂರಿನ ಮದುವೆಗೆ ಹೊರಟಾಗ ನನಗೆ ಉಡುಗೊರೆಗಿಂತ ದೊಡ್ಡ ಚಿಂತೆ ಇಸ್ತ್ರಿಯದ್ದು. ಮನೆಯಲ್ಲಿ ನೀಟಾಗಿ ಮಡಚಿಟ್ಟ ಸೀರೆ ರಾತ್ರಿ ಬಸ್ಸಿನಲ್ಲಿ ಛತ್ರ ತಲುಪುವಷ್ಟರಲ್ಲಿ ಸುಟ್ಟ ಹಪ್ಪಳದ ಹಾಗೆ ಮುದುಡಿರುತ್ತದೆ. ಬೆಳಗ್ಗೆ ಆರಕ್ಕೇ ಮುಹೂರ್ತ ಅಂದ್ರೆ ಇಸ್ತ್ರಿ ಅಂಗಡಿ ಎಲ್ಲಿ ಹುಡುಕೋದು? ಸಿಕ್ಕರೂ, ಅಮ್ಮನ ಹಳೆಯ ಮೈಸೂರು ಸಿಲ್ಕನ್ನು ಗುರುತಿಲ್ಲದವರ ಕೈಗೆ ಕೊಡಲು ಮನಸ್ಸು ಬಾರದು. ಅಮ್ಮ ಈಗಿಲ್ಲ, ಆ ಸೀರೆ ಇದೆ. ಪೆಟ್ಟಿಗೆ ಸ್ವಲ್ಪ ಹೆಚ್ಚು ಕಾದಿದ್ದರೂ ಅದೂ ಇಲ್ಲ.

ಹಾಗಾಗಿ ಈಗ ನನ್ನ ಬ್ಯಾಗಿನಲ್ಲಿ ಕೈಯಲ್ಲಿ ಹಿಡಿಯುವ ಸ್ಟೀಮರ್ ಇರುತ್ತದೆ. ಮೊದಲ ಸಲ ನೋಡಿದಾಗ ಅತ್ತಿಗೆ, "ಏನೇ, ಸೀರೆಗೆ ನೆಗಡಿಯಾ? ಹಬೆ ಕೊಡ್ತಿದ್ದೀಯಲ್ಲ" ಎಂದು ನಕ್ಕಿದ್ದರು. ಅರ್ಧ ಗಂಟೆಯಲ್ಲಿ ಅವರ ಸೀರೆಯೂ ಹ್ಯಾಂಗರ್ ಏರಿತ್ತು!

ಇದರ ಕೆಲಸ ಸರಳ. ಬಿಸಿ ಹಬೆಗೆ ಬಟ್ಟೆಯ ಎಳೆಗಳು ಸಡಿಲಗೊಳ್ಳುತ್ತವೆ, ತೂಗುಹಾಕಿದ ಬಟ್ಟೆ ತನ್ನ ಭಾರಕ್ಕೇ ಇಳಿದು ಸುಕ್ಕು ಬಿಡುತ್ತದೆ. ರೇಷ್ಮೆ, ಶಿಫಾನ್, ಜಾರ್ಜೆಟ್‌ಗೆ ಇದು ಸೈ. ಆದರೆ ಗಂಜಿ ಹಾಕಿದ ಕಾಟನ್ ಸೀರೆ, ಯಜಮಾನರ ಪಂಚೆ, ಪ್ಯಾಂಟಿನ ಗೆರೆಗೆ ಇಸ್ತ್ರಿಪೆಟ್ಟಿಗೆಯ ಒತ್ತಡವೇ ಬೇಕು. ಹಬೆ ತಾಗಿದರೆ ಗಂಜಿಯ ಗರಿಯೂ ಮೆತ್ತಗಾಗುತ್ತದೆ.

ಕೊಳ್ಳುವಾಗ ಬಣ್ಣ ನೋಡುವ ಮೊದಲು ಲೇಬಲ್ ಓದಿ. ನಮ್ಮಲ್ಲಿ ವಿದ್ಯುತ್ 230 ವೋಲ್ಟ್. 6 ಆಂಪಿಯರ್‌ನ ಸಣ್ಣ ಪ್ಲಗ್ ಪಾಯಿಂಟ್ ಸುಮಾರು 1,300 ವಾಟ್‌ವರೆಗೆ ತಾಳುತ್ತದೆ. 1,500 ವಾಟ್‌ನದಕ್ಕೆ ಗೀಸರ್‌ಗೆ ಇರುವಂಥ ದೊಡ್ಡ ಪಾಯಿಂಟೇ ಬೇಕು, ಛತ್ರದ ಕೋಣೆಯಲ್ಲಿ ಅದು ಸಿಗೋದು ಕಷ್ಟ. ಪ್ರಯಾಣಕ್ಕೆ 800ರಿಂದ 1,200 ವಾಟ್ ಸಾಕು. ನೀರಿನ ಟ್ಯಾಂಕನ್ನೂ ಗಮನಿಸಿ. ನಿಮಿಷಕ್ಕೆ 20 ಗ್ರಾಂ ಹಬೆ ಬಿಡುವ ಸ್ಟೀಮರಿಗೆ 100 ಮಿಲಿ ನೀರು ಬರೋದು ಐದೇ ನಿಮಿಷ. ಟ್ಯಾಂಕ್ ದೊಡ್ಡದಾದರೆ ಕೈ ನೋಯುತ್ತದೆ.

ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟಿದ್ದೀರಾ? ಅಲ್ಲಿ 120 ವೋಲ್ಟ್. ನಮ್ಮ 1,000 ವಾಟ್ ಸ್ಟೀಮರ್ ಅಲ್ಲಿ ಕಾಲು ಭಾಗದಷ್ಟು ಶಕ್ತಿಯಲ್ಲಿ ನೀರನ್ನು ಬಿಸಿ ಮಾಡೀತೇ ಹೊರತು ಸರಿಯಾಗಿ ಹಬೆ ಬಿಡದು. ಅಲ್ಲಿಂದ ಮಕ್ಕಳು ತಂದುಕೊಟ್ಟ 120 ವೋಲ್ಟ್‌ನದನ್ನು ಇಲ್ಲಿ ಚುಚ್ಚಿದರೆ ಇನ್ನೂ ಅಪಾಯ: ಸುಮಾರು ನಾಲ್ಕು ಪಟ್ಟು ಶಕ್ತಿ ಹರಿದು ಸುಟ್ಟೇ ಹೋಗಬಹುದು. ಪಿನ್ನಿನ ಆಕಾರ ಬದಲಿಸುವ ಅಡಾಪ್ಟರ್ ವೋಲ್ಟೇಜ್ ಬದಲಿಸುವುದಿಲ್ಲ. ಎರಡೂ ಕಡೆ ಬೇಕಿದ್ದರೆ ಎರಡೂ ವೋಲ್ಟೇಜ್‌ಗೆ ಹೊಂದುವುದನ್ನೇ ಕೊಳ್ಳಿ. ಕೆಲವದರಲ್ಲಿ ಅದಕ್ಕೊಂದು ಸಣ್ಣ ಸ್ವಿಚ್ ಇರುತ್ತದೆ, ಪ್ಲಗ್ ಹಾಕುವ ಮೊದಲೇ ತಿರುಗಿಸಿ. ರೈಲಿನ ಮೊಬೈಲ್ ಚಾರ್ಜಿಂಗ್ ಪಾಯಿಂಟಿಗಂತೂ ಸ್ಟೀಮರ್ ಬೇಡವೇ ಬೇಡ.

ಇನ್ನು ಬಳಕೆ. ಬೋರ್‌ವೆಲ್‌ನ ಗಡಸು ನೀರು ಹಾಕಿದರೆ ಒಳಗೆ ಬಿಳಿ ಪದರ ಕಟ್ಟಿ ಅದೇ ಸೀರೆ ಮೇಲೆ ಉದುರುತ್ತದೆ, ಫಿಲ್ಟರ್ ನೀರೇ ಇರಲಿ. ಶುರುವಿನಲ್ಲಿ ನೀರು ಚಿಮ್ಮುತ್ತದೆ. ಹಳೆ ಟವೆಲ್ ಮೇಲೆ ಬಿಟ್ಟು, ಹಬೆ ಒಂದೇ ಸಮ ಬಂದ ಮೇಲೆ ಸೀರೆಗೆ ಹಿಡಿಯಿರಿ. ರೇಷ್ಮೆಗೆ ಒಳಮೈ ಕಡೆಯಿಂದ, ನಾಲ್ಕು ಬೆರಳು ದೂರದಿಂದ. ಮೊದಲು ಉಟ್ಟಾಗ ಒಳಗೆ ಮರೆಯಾಗುವ ತುದಿಯಲ್ಲಿ ಹಿಡಿದು ನೋಡಿ, ಬಣ್ಣ ಬಿಟ್ಟರೆ ಅಲ್ಲಿಗೇ ನಿಲ್ಲಿಸಿ. ಜರಿಗೆ ನೇರವಾಗಿ ಹಿಡಿಯಬೇಡಿ, ತೇವ ಉಳಿದರೆ ಜರಿ ಕಪ್ಪಾಗುತ್ತದೆ. ಪೂರ್ತಿ ಆರಿದ ಮೇಲೇ ಉಡಿ ಅಥವಾ ಮಡಚಿ.

ಗಡಿಬಿಡಿಯಲ್ಲಿ "ಉಟ್ಟಿರೋ ಹಾಗೇ ನೆರಿಗೆಗೊಂದು ಸಲ ಹಿಡಿ" ಅನ್ನುವವರಿರುತ್ತಾರೆ. ಖಂಡಿತ ಬೇಡ. ಹಬೆಯ ಸುಟ್ಟಗಾಯ ಕೆಟ್ಟದ್ದು. ಮಕ್ಕಳ ಕೈಗೂ ಎಟುಕದಿರಲಿ. ಅಕಸ್ಮಾತ್ ತಾಗಿದರೆ ಟೂತ್‌ಪೇಸ್ಟ್, ಬೆಣ್ಣೆ ಹಚ್ಚದೆ ನಲ್ಲಿಯ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿದು, ಬೊಬ್ಬೆ ಬಂದರೆ ವೈದ್ಯರಿಗೆ ತೋರಿಸಿ. ಒಂದೆರಡು ಸುಕ್ಕು ಉಳಿದರೂ ಮದುವೆಯಲ್ಲಿ ಯಾರೂ ಎಣಿಸೋದಿಲ್ಲ.