ಎಬಿಎಸ್ ಲೈಟ್ ಉರಿದರೆ ಬಲ್ಬ್ ಕೀಳಬೇಡಿ

‘ಬ್ರೇಕ್ ಹಿಡಿಯುತ್ತದಲ್ಲಾ, ಲೈಟ್ ಉರಿದರೆ ಉರೀಲಿ’ ಎನ್ನುವವರು ನಮ್ಮಲ್ಲಿ ಬಹಳ ಮಂದಿ. ಹೌದು, ಮಾಮೂಲಿ ಬ್ರೇಕ್ ಇರುತ್ತದೆ. ಆದರೆ ಮಳೆಯಲ್ಲಿ ಹಠಾತ್ತನೆ ತುಳಿದರೆ ಚಕ್ರ ಲಾಕ್ ಆಗಿ, ಸ್ಟೇರಿಂಗ್ ತಿರುಗಿಸಿದರೂ ಕಾರು ನೇರ ಜಾರಬಹುದು. ಹಿಂದಿನ ಸೀಟಲ್ಲಿ ಉಮ್ಮ, ಮಕ್ಕಳು ಕೂತಿರುವಾಗ ಶಿರಾಡಿ ತಿರುವಿನಲ್ಲಿ ಇದು ಬೇಕಾ?

ಚಕ್ರದ ವೇಗವನ್ನು ಎಬಿಎಸ್‌ಗೆ ತಿಳಿಸುವುದು ಚಕ್ರದ ಬಳಿಯ ಸಣ್ಣ ಸೆನ್ಸರ್. ಮೊದಲು ಸ್ಕ್ಯಾನ್ ಮಾಡಿಸಿ ಯಾವ ಚಕ್ರದ್ದೆಂದು ನೋಡೋಣ. ವಯರ್, ಕನೆಕ್ಟರ್ ಸಹ ನೋಡಬೇಕು, ಎಷ್ಟೋ ಸಲ ದೋಷ ಅಲ್ಲೇ ಇರುತ್ತದೆ.

ಸಾಮಾನ್ಯವಾಗಿ ಸೆನ್ಸರಿಗೆ ಇರುವುದು ಒಂದೇ ಬೋಲ್ಟ್. ಅದನ್ನು ಬಿಚ್ಚಿದರೂ ಸೆನ್ಸರ್ ಅಲುಗುವುದಿಲ್ಲ. ನಮ್ಮ ಕಡಲ ಉಪ್ಪುಗಾಳಿಗೆ ತೂತಿನೊಳಗೆ ತುಕ್ಕು ಉಬ್ಬಿ ಅದನ್ನು ಕಚ್ಚಿ ಹಿಡಿದಿರುತ್ತದೆ. ಗಲ್ಫಿನಲ್ಲಿರುವವರ, ತಿಂಗಳುಗಟ್ಟಲೆ ಅಂಗಳದಲ್ಲೇ ನಿಂತ ಕಾರಾದರೆ ಕೇಳುವುದೇ ಬೇಡ. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಪ್ಲಾಸ್ಟಿಕ್ ತಲೆ ಮುರಿದು ಬುಡ ಒಳಗೇ ಉಳಿಯುತ್ತದೆ. ತುಕ್ಕು ಬಿಡಿಸುವ ಎಣ್ಣೆಯನ್ನು ಬ್ರೇಕ್ ಡಿಸ್ಕಿಗೆ ತಾಗದಂತೆ ಹಾಕಿ ರಾತ್ರಿಯಿಡೀ ಬಿಡಬೇಕು. ಮರುದಿನ ಎಡಕ್ಕೆ, ಬಲಕ್ಕೆ ಸ್ವಲ್ಪಸ್ವಲ್ಪವೇ ತಿರುಗಿಸಿ ಎಳೆಯಬೇಕು. ಮುರಿದೇ ಹೋಯಿತೆಂದರೆ ಕಣ್ಣುಮುಚ್ಚಿ ಡ್ರಿಲ್ ಹಾಕಲು ಬಿಡಬೇಡಿ. ಒಳಗಿನ ರಿಂಗ್, ಬೇರಿಂಗ್ ಹಾಳಾದರೆ ಸೆನ್ಸರಿಗಿಂತ ದೊಡ್ಡ ಬಿಲ್ಲು ಬರುತ್ತದೆ.

ಹೊಸದನ್ನು ಕೂರಿಸುವ ಮೊದಲು ತೂತಿನ ತುಕ್ಕನ್ನು ಎಮರಿ ಪೇಪರಿನಿಂದ ಉಜ್ಜಿಸಿ. ತುಕ್ಕು ಉಳಿದರೆ ಸೆನ್ಸರ್ ಸರಿಯಾಗಿ ಕೂರದೆ ಲೈಟ್ ಮತ್ತೆ ಹೊತ್ತಬಹುದು.

‘ಲೈಟ್ ಕಟ್ ಮಾಡಿ ಕೊಡ್ತೇನೆ ಕಾಕಾ, ನೂರಿನ್ನೂರು ಕೊಡಿ’ ಎನ್ನುವವರೂ ಇದ್ದಾರೆ. ಹಾಗೆ ಮಾಡಿ ಕಾರು ಮಾರಿದರೆ ಅದು ಮೋಸವೇ. ಹಳೆಯ ಕಾರು ಕೊಳ್ಳುವವರು ಕೀ ಆನ್ ಮಾಡಿ ನೋಡಿ: ಎಬಿಎಸ್ ಲೈಟ್ ಒಮ್ಮೆ ಹೊತ್ತಿ ಆರಬೇಕು. ಹೊತ್ತಲೇ ಇಲ್ಲವೆಂದರೆ ಮುಂಗಡ ಕೊಡುವ ಮೊದಲು ಸ್ಕ್ಯಾನರ್ ಹಾಕಿಸಿ.